ಅತ್ತಿಗೆಯ ಹೆರಿಗೆ ಕೋಣೆ

ಅವರನ್ನು ನಾವೆಲ್ಲರೂ ಅತ್ತಿಗೆ ಎಂದೇ ಕರೆಯುತ್ತಿದ್ದೆವು. ನಿಜವಾಗಿ ಅವರು ಅತ್ತಿಗೆಯಾಗಿದ್ದುದು ಒಬ್ಬಳಿಗೆ ಮಾತ್ರ, ಗಂಡನ ತಂಗಿಗೆ. ಆದರೆ ಆ ನಾದಿನಿಯ ಗಂಟಲು ದೊಡ್ಡದು. ಬೆಳಗಾದರೆ ಅವಳು ಹಿತ್ತಿಲಲ್ಲಿ ನಿಂತು ಅತ್ತಿಗೆಯನ್ನು ಕೂಗುವುದು ಬೀದಿಯ ಆ ತುದಿಗೂ ಕೇಳಿಸುತ್ತಿತ್ತು. ಕೇಳಿ ಕೇಳಿ, ಹಾಲಿಗೆಂದು ಹೋಗುತ್ತಿದ್ದ ನಮ್ಮ ಬಾಯಿಗೂ ಅದೇ ಬಂದಿತು. ದನದ ಡಾಕ್ಟರಿಗೂ ಅವರು ಅತ್ತಿಗೆ, ಹಿಂಡಿ ಅಂಗಡಿಯವನಿಗೂ ಅತ್ತಿಗೆ. ಅವರ ಗಂಡ ಕೂಡ ಅವಸರದಲ್ಲಿ ಒಮ್ಮೊಮ್ಮೆ ಬಾಯಿ ತಪ್ಪಿ ಹಾಗೆಯೇ ಕರೆದು ನಾಲಗೆ ಕಚ್ಚಿಕೊಳ್ಳುತ್ತಿದ್ದರು.

ಗಂಡ ಡೈರಿಯ ಹಾಲಿನ ವ್ಯಾನು ಓಡಿಸುತ್ತಿದ್ದರು. ಆದ್ದರಿಂದ ಮನೆಯ ಹಿಂದಿದ್ದ ಕೊಟ್ಟಿಗೆ ಪೂರ್ತಿ ಅತ್ತಿಗೆಯ ರಾಜ್ಯ. ಏಳೆಂಟು ಹಸುಗಳು, ತಗಡಿನ ಮಾಡು, ಉದ್ದಕ್ಕೂ ಸಿಮೆಂಟಿನ ಗೋದಲಿ. ಕೊಟ್ಟಿಗೆಯ ಒಂದು ತುದಿಯಲ್ಲಿ, ಮೊದಲು ಹುಲ್ಲು ತುಂಬುತ್ತಿದ್ದ ಜಾಗದಲ್ಲಿ, ಅವರು ಒಂದು ಕೋಣೆ ಕಟ್ಟಿಸಿದ್ದರು. ಈಯುವ ಹಸುವಿಗೆಂದೇ ಮೀಸಲಾದ ಕೋಣೆ. ಮಾಡಿನವರೆಗೆ ಇಟ್ಟಿಗೆಯ ಗೋಡೆ, ನೀರು ನಿಲ್ಲದಂತೆ ಇಳಿಜಾರಾದ ನೆಲ, ಕಿಟಕಿಗೆ ತಂತಿಯ ಬಲೆ. ಒಂದು ಹಸು ಈದು ಹೊರಗೆ ಹೋದೊಡನೆ ನೆಲ ಕೆರೆದು, ತೊಳೆದು, ಒಣಗಿಸಿ, ಸುಣ್ಣದ ಪುಡಿ ಉದುರಿಸಿ, ಮುಂದಿನ ಹಸುವಿಗೆ ಹೊಸ ಒಣಹುಲ್ಲನ್ನು ದಪ್ಪಗೆ ಹಾಸುತ್ತಿದ್ದರು. ಬಾಗಿಲಲ್ಲಿ ಔಷಧದ ನೀರಿನ ತೊಟ್ಟಿ ಇರುತ್ತಿತ್ತು. ಯಾರೇ ಬರಲಿ, ಅದರಲ್ಲಿ ಕಾಲು ಅದ್ದದೆ ಒಳಗೆ ಪ್ರವೇಶವಿರಲಿಲ್ಲ. ಚೆನ್ನಾಗಿದ್ದೀರಾ ಎಂದು ಕೇಳುವ ಬದಲು ಕೈ ತೊಳೆದಿರಾ ಎಂದು ಕೇಳುವ ಹೆಂಗಸನ್ನು ನಾನು ಬೇರೆಲ್ಲೂ ಕಂಡಿಲ್ಲ. ತಾನು ಹುಟ್ಟಿದ ಕೋಣೆಯೂ ಇಷ್ಟು ಚೊಕ್ಕಟವಾಗಿರಲಿಲ್ಲ ಎಂದು ಗಂಡ ಹಾಲು ಕೊಳ್ಳುವವರ ಮುಂದೆ ಹೇಳಿ ನಗಿಸುತ್ತಿದ್ದರು.

ಈ ಕಟ್ಟುನಿಟ್ಟಿಗೆ ಕಾರಣವಿತ್ತು. ಕೆಲವು ವರ್ಷಗಳ ಹಿಂದೆ ಅವರ ಒಳ್ಳೆಯ ಹಸುವೊಂದು ಕರು ಹಾಕಿದ ವಾರದಲ್ಲೇ ನಂಜೇರಿ ಸತ್ತುಹೋಯಿತು. ಎಲ್ಲ ಹಸುಗಳೂ ಅದೇ ನೆಲದ ಮೇಲೆ ನಿಂತಿರುವಾಗ ಇದೊಂದಕ್ಕೇ ಏಕೆ ಹೀಗಾಯಿತು ಎಂದು ಅತ್ತಿಗೆ ಡಾಕ್ಟರನ್ನು ಬಿಡದೆ ಕೇಳಿದರು. ಅವರು ತಾಳ್ಮೆಯಿಂದ ವಿವರಿಸಿದರು. ಈಯುವ ಮುಂಚಿನ ಮತ್ತು ಅನಂತರದ ಕೆಲವು ವಾರ ಹಸುವಿನ ಸತ್ವವೆಲ್ಲ ಕರುವಿಗೆ, ಹಾಲಿಗೆ ಹರಿಯುತ್ತದೆ. ರೋಗದೊಡನೆ ಹೋರಾಡುವ ಶಕ್ತಿ ಆಗಲೇ ಕುಂದುತ್ತದೆ. ಗರ್ಭಕೋಶದ ಬಾಯಿ, ಮೊಲೆಯ ತೂತು ತೆರೆದುಕೊಳ್ಳುವುದೂ ಆಗಲೇ. ಅತ್ತಿಗೆ ಇದನ್ನು ತಮ್ಮದೇ ಮಾತಿನಲ್ಲಿ ಅರ್ಥಮಾಡಿಕೊಂಡರು. “ಬೇರೆ ದಿನ ಮನೆಗೆ ಚಿಲಕ ಇರುತ್ತೆ, ಕಾವಲುಗಾರ ಇರ್ತಾನೆ. ಈ ದಿನಗಳಲ್ಲಿ ಚಿಲಕ ತೆಗೆದಿರುತ್ತೆ, ಕಾವಲುಗಾರ ತೂಕಡಿಸ್ತಾ ಇರ್ತಾನೆ. ಕಳ್ಳ ಹತ್ತಿರ ಬರದ ಹಾಗೆ ನಾವೇ ನೋಡ್ಕೋಬೇಕು,” ಎಂದು ನಮಗೆಲ್ಲ ಹೇಳುತ್ತಿದ್ದರು. ಕೋಣೆ ಎದ್ದದ್ದು ಹೀಗೆ. ಆಮೇಲೆ ಎಷ್ಟೋ ಕಾಲ ಅಲ್ಲಿ ಈದ ಯಾವ ಹಸುವಿಗೂ ನಂಜಾಗಲಿಲ್ಲ.

ಸತ್ತ ಹಸುವಿನ ಕರು ಉಳಿದಿತ್ತು. ಅದು ಉಳಿಯುವುದೆಂದು ಯಾರಿಗೂ ಭರವಸೆ ಇರಲಿಲ್ಲ. ನಾದಿನಿ ಮಾತ್ರ ಕೈಬಿಡಲಿಲ್ಲ. ಅವಳ ಸಂಸಾರ ಕೂಡಿಬಾರದೆ ಅಣ್ಣನ ಮನೆಗೆ ಮರಳಿದ್ದಳು. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಹಾಕಿಕೊಂಡು ಬೀದಿಯವರ ರವಿಕೆ ಹೊಲಿಯುತ್ತಿದ್ದಳು. ರವಿಕೆಯ ಅಳತೆ ಕೊಡಲು ಹೋದವರಿಗೆ, ಅವಳು ಮಡಿಲಲ್ಲಿ ಕರುವಿನ ತಲೆ ಇಟ್ಟುಕೊಂಡು ಬಾಟಲಿಯಲ್ಲಿ ಹಾಲು ಕುಡಿಸುತ್ತಿದ್ದ ನೋಟ ಎಷ್ಟೋ ಸಲ ಕಾಣಸಿಗುತ್ತಿತ್ತು. ಸಾಯಲೊಲ್ಲೆನೆಂದು ಹಟ ಹಿಡಿದ ಆ ಕರುವಿಗೆ ಮೊಂಡಿ ಎಂದು ಹೆಸರಾಯಿತು. ಕೊಟ್ಟಿಗೆಯಲ್ಲಿ ಅದನ್ನು ಎಲ್ಲಕ್ಕಿಂತ ಹಿರಿಯ ಹಸುವಿನ ಪಕ್ಕದಲ್ಲಿ ಕಟ್ಟಿದರು. ಆ ಹಿರಿಯಳನ್ನು ಎಲ್ಲರೂ ಅಜ್ಜಿ ಎನ್ನುತ್ತಿದ್ದರು. ಅಜ್ಜಿ ಮೊಂಡಿಯನ್ನು ನೆಕ್ಕಿ ನೆಕ್ಕಿ ಬೆಳೆಸಿತು. ಆ ಮನೆಯಲ್ಲಿ ನಾದಿನಿ ತನ್ನದೆಂದು ಬಾಯಿಬಿಟ್ಟು ಹೇಳುತ್ತಿದ್ದುದು ಮೊಂಡಿಯೊಂದನ್ನೇ.

ಮೊಂಡಿ ಬೆಳೆದು ಚೊಚ್ಚಲ ಗಬ್ಬವಾಯಿತು. ದಿನ ಹತ್ತಿರ ಬಂದಾಗ ಅತ್ತಿಗೆ ಅದನ್ನು ಹೆರಿಗೆ ಕೋಣೆಗೆ ಹೊಡೆದುಕೊಂಡು ಹೊರಟರು. ನಾದಿನಿ ಅಡ್ಡ ನಿಂತಳು.

“ಅತ್ತಿಗೆ, ಅವಳು ಯಾವತ್ತೂ ಒಂಟಿಯಾಗಿ ಇದ್ದವಳಲ್ಲ. ಅಜ್ಜಿ ಕಾಣೋ ಹಾಗೆ ಎಲ್ಲಾದ್ರೂ ಕಟ್ಟಿ.”

“ಹೆರೋಕೆ ಹೋಗೋಳಿಗೆ ಗೆಳತಿ ಜೊತೆ ಹರಟೆ ಬೇಕಾ? ಇವಳಮ್ಮನಿಗೆ ಏನಾಯ್ತು ಅಂತ ಮರೆತೆಯಾ? ನಿನ್ನ ಕತ್ತರಿ ವಿಷಯಕ್ಕೆ ನಾನು ಬರ್ತೀನಾ? ನನ್ನ ಕೊಟ್ಟಿಗೆ ವಿಷಯಕ್ಕೆ ನೀನು ಬರಬೇಡ.”

ನಾದಿನಿ ಪಕ್ಕಕ್ಕೆ ಸರಿದಳು. ಅಂದಿನಿಂದ ಬೀದಿಗೆ ಅವಳ ಕೂಗು ಕೇಳಿಸಲಿಲ್ಲ.

ಆದರೆ ಮೊಂಡಿಯ ಕೂಗು ಕೇಳಿಸತೊಡಗಿತು. ಅದು ಗೋಡೆಗೆ ಮುಖ ಮಾಡಿ ಅಂಬಾ ಎನ್ನುವುದು, ಆಚೆಯಿಂದ ಅಜ್ಜಿ ಓಗೊಡುವುದು. ಮೊಂಡಿ ಹಿಂಡಿಯನ್ನು ಮೂಸಿ ಬಿಟ್ಟಿತು. ಹಿಂಡಿ ಹುಳಿ ಬಂದಿರಬೇಕೆಂದು ಅತ್ತಿಗೆ ಬೇರೆ ತರಿಸಿದರು. ಅದನ್ನೂ ಬಿಟ್ಟಿತು. ಗೋದಲಿಯಲ್ಲಿ ಏನೋ ವಾಸನೆ ಉಳಿದಿದೆಯೆಂದು ಬಿಸಿನೀರು ಹಾಕಿ ಉಜ್ಜಿದರು. ಮರುದಿನ ಮತ್ತೆ ಉಜ್ಜಿದರು. ಎಳೆಯ ಹಸಿಹುಲ್ಲು ಕೊಟ್ಟರು. ಮೊಂಡಿ ಎರಡು ಬಾಯಿ ತಿಂದು ಮತ್ತೆ ಗೋಡೆಯತ್ತ ತಿರುಗಿತು. ನಾನು ಹಾಲಿಗೆ ಹೋದ ಬೆಳಗ್ಗೆ ಅತ್ತಿಗೆ ಮೂರನೆಯ ಸಲ ಗೋದಲಿ ತೊಳೆಯುತ್ತಿದ್ದರು. ಬಾಗಿಲಿನ ಹೊರಗೆ ನಿಂತಿದ್ದ ನಾದಿನಿ ಮೆಲ್ಲಗೆ ಹೇಳಿದಳು:

“ಗೋದಲಿ ಕನ್ನಡಿ ಹಾಗೆ ಹೊಳೀತಾ ಇದೆ ಅತ್ತಿಗೆ. ಅವಳ ಹೊಟ್ಟೆ ನೋಡಿ.”

ಅತ್ತಿಗೆ ತಿರುಗಿ ನೋಡಿದರು. ಮೊಂಡಿಯ ಎಡಪಕ್ಕೆ ಅಂಗೈ ಹೂತುಹೋಗುವಷ್ಟು ಗುಳಿಬಿದ್ದಿತ್ತು. ಅವರು ಕೈಯಲ್ಲಿದ್ದ ಬ್ರಷ್ ಕೆಳಗಿಟ್ಟು ಡಾಕ್ಟರಿಗೆ ಫೋನ್ ಮಾಡಿದರು.

ಡಾಕ್ಟರು ಬಂದು ತೊಟ್ಟಿಯಲ್ಲಿ ಕಾಲು ಅದ್ದಿ ಒಳಗೆ ಹೋದರು. ಜ್ವರವಿರಲಿಲ್ಲ. ಅವರು ಕೋಣೆಯನ್ನು ಸುತ್ತಲೂ ನೋಡಿ, ತಮ್ಮ ಆಸ್ಪತ್ರೆಯೂ ಹೀಗಿಲ್ಲವೆಂದು ಹೊಗಳಿದರು. ಆಮೇಲೆ ಹೇಳಿದ್ದು ಇಷ್ಟು: ಗುಂಪಿನಲ್ಲಿ ಬೆಳೆದ ಪ್ರಾಣಿ, ಅದರಲ್ಲೂ ಚೊಚ್ಚಲು, ಒಂಟಿಯಾದರೆ ಹೆದರುತ್ತದೆ, ಮೇವು ಬಿಡುತ್ತದೆ. ಈ ದಿನಗಳಲ್ಲಿ ಮೇವು ಬಿಟ್ಟ ಹಸುವಿಗೆ ಈದ ಮೇಲೆ ಗರ್ಭಕೋಶದಲ್ಲಿ ಕೀವಾಗುವ ಭಯ ಹೆಚ್ಚು. “ಕಳ್ಳನ್ನ ಹೊರಗಿಟ್ಟಿದ್ದೀರಿ, ಸರಿ. ಕಾವಲುಗಾರನಿಗೆ ಊಟ ಹಾಕಬೇಡವೇ ಅತ್ತಿಗೆ?” ಎಂದರು.

ತಾವೇ ಕಟ್ಟಿಸಿದ ಗೋಡೆ, ಇಷ್ಟು ವರ್ಷ ಊರಿಗೆಲ್ಲ ತೋರಿಸಿ ಹೇಳಿದ ಪಾಠ. ಬೇರೆಯವರಾಗಿದ್ದರೆ ಡಾಕ್ಟರ ಮೇಲೋ ಹಸುವಿನ ಮೇಲೋ ತಪ್ಪು ಹೊರಿಸುತ್ತಿದ್ದರು. ಅತ್ತಿಗೆ ಹೊರಗೆ ಬಂದು, ಪಾತ್ರೆ ಹಿಡಿದು ನಿಂತಿದ್ದ ನಮ್ಮೆಲ್ಲರ ಎದುರಿಗೇ ನಾದಿನಿಗೆ ಹೇಳಿದರು:

“ನೀನು ಹೇಳಿದ್ದೇ ಸರಿಯಾಗಿತ್ತು ಕಣೇ. ನಾನು ಕೇಳಬೇಕಿತ್ತು. ಹೋಗಿ ಅಜ್ಜಿ ಹಗ್ಗ ಬಿಚ್ಚು.”

ಎರಡೂ ಹಸುಗಳನ್ನು ಅಂಗಳದ ನೆರಳಿನಲ್ಲಿ, ಒಣಹುಲ್ಲಿನ ಮೇಲೆ ಜೊತೆಯಾಗಿ ಕಟ್ಟಿದರು. ವ್ಯಾನು ನಿಲ್ಲಿಸಿ ಆಗತಾನೆ ಒಳಗೆ ಕಾಲಿಟ್ಟ ಗಂಡನ ಕೈಗೆ ಹಾರೆ ಬಂದಿತು. ಊಟ ಮಾಡಿಕೊಂಡು ಗೋಡೆ ಕೆಡವಿದರಾಗದೇ ಎಂದು ಅವರು ಕೇಳಿದಾಗ, ಮೊಂಡಿ ಊಟ ಮಾಡಿದ ಮೇಲೆ ನಿಮ್ಮದು ಎಂಬ ಉತ್ತರ ಸಿಕ್ಕಿತು. ಸಂಜೆಯೊಳಗೆ ಕೊಟ್ಟಿಗೆಯ ಕಡೆಗಿದ್ದ ಗೋಡೆ ಎದೆಯೆತ್ತರಕ್ಕೆ ಇಳಿಯಿತು. ಅತ್ತಿಗೆ ಇಟ್ಟಿಗೆಯ ಪುಡಿಯನ್ನೆಲ್ಲ ಬಳಿದು, ಹೊಸ ಹುಲ್ಲು ಹಾಸಿ, ಮೊಂಡಿಯನ್ನು ಒಳಗೆ, ಅಜ್ಜಿಯನ್ನು ಕಾಲು ತೊಳೆದು ಗೋಡೆಯ ಆಚೆಗೆ ಕಟ್ಟಿದರು. ಮೊಂಡಿ ಅಜ್ಜಿಯ ಮುಖ ನೋಡುತ್ತ ಹಿಂಡಿಗೆ ಬಾಯಿ ಹಾಕಿತು.

ಎಲ್ಲವೂ ಅಷ್ಟಕ್ಕೇ ಸರಿಹೋಗಲಿಲ್ಲ. ಮೊಂಡಿ ಈದದ್ದು ಒಂದು ಮುಂಜಾನೆ, ಬಹಳ ತಿಣುಕಿ. ಹೆಣ್ಣು ಕರು ಚೆನ್ನಾಗಿತ್ತು. ಆದರೆ ಈದಾದ ಮೇಲೆ ಬೀಳಬೇಕಾದ ಮಾಸು ಬೀಳದೆ ಜೋತುಬಿದ್ದಿತು. ಹಿಂಡಿ ತಂದ ಅಂಗಡಿಯವನು ನೋಡಿ, ಕೈ ಹಾಕಿ ಎಳೆದುಬಿಟ್ಟರೆ ಆಯಿತಲ್ಲ ಎಂದನು.

“ಎಳೆದ್ರೆ ಒಳಗೆ ಗಾಯ ಆಗುತ್ತೆ, ಗಾಯಕ್ಕೆ ನಂಜಾಗುತ್ತೆ. ಮುಟ್ಟಿದವರ ಕೈ ಮುರೀತೀನಿ,” ಎಂದರು ಅತ್ತಿಗೆ.

“ಬೇಡ ಅತ್ತಿಗೆ, ತಕ್ಕಡಿ ಹಿಡಿಯೋಕೆ ಇದೇ ಕೈ ಬೇಕು,” ಎಂದು ಅವನು ಕೈಗಳನ್ನು ಜೇಬಿಗೆ ಇಳಿಸಿದನು.

ಮಾಸು ನಿಧಾನವಾಗಿ ತಾನೇ ಕಳಚಿತು. ಆದರೂ ಜ್ವರ ಬಂದಿತು. ಡಾಕ್ಟರು ಬಂದು ಇಂಜೆಕ್ಷನ್ ಆರಂಭಿಸಿದರು. ಮೇವು ಬಿಟ್ಟ ದಿನಗಳಿಂದಲೇ ಹೀಗಾಯಿತೇ ಎಂದು ಅತ್ತಿಗೆ ಕೇಳಿದ್ದಕ್ಕೆ, ಹಾಗೆಂದು ಖಚಿತವಾಗಿ ಹೇಳಲಾಗದು, ಕಷ್ಟದ ಹೆರಿಗೆಯಿಂದಲೂ ಆಗಿರಬಹುದು ಎಂದರು. ಅತ್ತಿಗೆ ಆ ಸಮಾಧಾನವನ್ನು ತೆಗೆದುಕೊಳ್ಳಲಿಲ್ಲ. ಬೆಳಿಗ್ಗೆ ಸಂಜೆ ಅವರೇ ಜ್ವರ ಅಳೆದರು, ಬಾಲ ಮತ್ತು ಹಿಂಭಾಗವನ್ನು ಬೆಚ್ಚನೆಯ ನೀರಿನಲ್ಲಿ ತೊಳೆದರು, ಕೆಚ್ಚಲನ್ನು ಒರೆಸಿ ಒಣಗಿಸಿದರು. ಔಷಧ ಸೇರಿದ ಹಾಲನ್ನು ಯಾರಿಗೂ ಕೊಡದೆ ಚೆಲ್ಲಿದರು. ನಾದಿನಿ ಹೊಲಿಗೆಯನ್ನು ನಿಲ್ಲಿಸಿ ಮೊಂಡಿಯ ತಲೆಯ ಬಳಿ ಕುಳಿತು, ಹುಲ್ಲನ್ನು ಎಸಳೆಸಳಾಗಿ ಬಾಯಿಗೆ ಹಿಡಿದಳು. ಇವಳೂ ಅಮ್ಮನ ಹಾಗೆ ಹೋಗಿಬಿಟ್ಟರೆ ಎಂದು ಅವಳು ಕೇಳಿದಳಂತೆ. ಹೋಗುವುದಿಲ್ಲ ಎಂಬ ಸುಳ್ಳು ಭರವಸೆಯನ್ನು ಅತ್ತಿಗೆ ಕೊಡಲಿಲ್ಲ. ನಾವಿಬ್ಬರೂ ಇದ್ದೇವಲ್ಲ, ನೋಡೋಣ ಎಂದರಂತೆ.

ಕೆಲವು ದಿನಗಳ ಮೇಲೆ ನಾನು ಹೋದಾಗ ಅವರಿಬ್ಬರೂ ಕೋಣೆಯ ಬಾಗಿಲಲ್ಲಿ ನಿಂತಿದ್ದರು. ಒಳಗೆ ಮೊಂಡಿ ಗೋಡೆಯ ಮೇಲೆ ಕತ್ತು ಚಾಚಿ ಅಜ್ಜಿಯ ಗೋದಲಿಯಿಂದ ಹುಲ್ಲನ್ನು ಕದ್ದು ಎಳೆಯುತ್ತಿತ್ತು. ಅಜ್ಜಿ ತಲೆಯಿಂದ ದೂಡಿದರೂ ಬಿಡದೆ ಮತ್ತೆ ಮತ್ತೆ ಬಾಯಿ ತುಂಬಿಕೊಳ್ಳುತ್ತಿತ್ತು. ಆಚೆಯ ಕಸಕಡ್ಡಿಯೆಲ್ಲ ಹೊಸದಾಗಿ ಹಾಸಿದ ಹುಲ್ಲಿನ ಮೇಲೆ ಉದುರುತ್ತಿತ್ತು. ನಾದಿನಿ ಕಣ್ಣೊರೆಸಿಕೊಂಡು ನಕ್ಕಳು.

“ಅತ್ತಿಗೆ, ನಿಮ್ಮ ಕೋಣೆಯೆಲ್ಲಾ ಗಲೀಜಾಯ್ತು.”

“ಆಗಲಿ ಬಿಡೇ. ಮೊದಲು ತಿನ್ನಲಿ. ಆಮೇಲೆ ಗುಡಿಸ್ತೀನಿ.”