ಹಚಾ ಎಂದರೆ ಓಡಿ ಬರುವ ನಾಯಿ

ಒಂದು ಮುರುಕು ಕೊಡೆ. ನಾಯಿಮರಿಗೆ ನಾನು ಕೊಟ್ಟ ಬೆಲೆ ಅಷ್ಟೇ. ರೊಕ್ಕ ಯಾಕೆ ಕೊಡಲಿಲ್ಲ ಅಂತೀರಾ? ನಾಯಿಮರಿ ಮಾರಿದರೆ ಪಾಪವಂತೆ. ಗಜೇಂದ್ರಗಡದ ನೇಕಾರರ ನಿಂಗವ್ವ ರೊಕ್ಕ ಮುಟ್ಟಲಿಲ್ಲ, ಬೆಲ್ಲ ಕೇಳಿದಳು. ನಾನು ಕೊಡೆ ತೋರಿಸಿದೆ. (ತೆರೆಯುತ್ತದೆಯೇ ಎಂದು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ.)

"ಆತು, ಒಯ್ರಿ" ಎಂದವಳೇ ಮರಿಯನ್ನು ನನ್ನ ಕೈಗೆ ಹಾಕಿ ಬಾಗಿಲು ಮುಂದೆ ಮಾಡಿಕೊಂಡಳು.

ಅರಿವೆ ಅಂಗಡಿ ಇಟ್ಟು ತಲೆ ಬೆಳ್ಳಗಾದವನು ನಾನು. ಅಷ್ಟು ಲಗೂ ಒಪ್ಪಿದರೆ ಅನುಮಾನ ಬರಬೇಕಿತ್ತು. ಚೌಕಾಸಿಯಲ್ಲಿ ಗೆದ್ದವನಿಗೆ ಅನುಮಾನ ಎಲ್ಲಿಂದ ಬಂದೀತು?

ಗುಡ್ಡ ಹತ್ತುವುದು ನಮ್ಮ ನರೇಗಲ್ಲಿನ ಡ್ರಿಲ್ ಮಾಸ್ತರ ವೀರಪ್ಪನವರ ಹುಚ್ಚು. ಅವರು ಅದಕ್ಕೆ 'ಹೈಕಿಂಗ್' ಅನ್ನುತ್ತಾರೆ. ಶನಿವಾರ ಗಜೇಂದ್ರಗಡದ ಕೋಟೆ ಹತ್ತಿ, ಅಲ್ಲೇ ಮಲಗಿ, ರವಿವಾರ ಇಳಿಯಬೇಕು. ಅದರಿಂದ ನನ್ನ ಹೊಟ್ಟೆ ಕರಗುತ್ತದಂತೆ! ಕಂಬಳಿಯ ಟೆಂಟಿಗೆ ಕಾವಲಿರಲಿ, ಆಮೇಲೆ ಮನೆಗೂ ಆದೀತು ಎಂದು ಮರಿಯನ್ನು ತಂದೆ. 'ರಾಜಾ' ಎಂದು ಹೆಸರಿಟ್ಟೆ.

ಸಂಜೆ ಕೋಟೆಯ ಮೇಲೆ ರೊಟ್ಟಿಯ ಗಂಟು ಬಿಚ್ಚಿದೆವು. ರಾಜಾ ಗುರೆಳ್ಳು ಚಟ್ನಿಗೆ ಮೂಗು ಚಾಚಿದ. ದೂರ ಅಟ್ಟಲೆಂದು "ಹಚಾ!" ಎಂದೆ. ಬಂದು ತೊಡೆಯೇರಿದ. "ಹಚಾ! ಹಚಾ!" ಎಂದು ಚೀರಿದೆ. ಮುಖ ನೆಕ್ಕಿದ.

"ಸಾವ್ಕಾರ್ರ, ನಾಯಿ ಭಾಳ ಮಾನಗೇಡಿ ಐತ್ರಿ" ಎಂದರು ಮಾಸ್ತರರು.

"ಪುಕ್ಕಟಿ ಸಿಕ್ಕೈತ್ರಿ, ಮಾನನೂ ಬೇಕೇನು?" ಎಂದೆ.

ಆದರೂ ರಾತ್ರಿ ಚಳಿಗೆ ಅದು ನನ್ನ ಹೊಟ್ಟೆಗೇ ಒತ್ತಿ ಮಲಗಿತು. (ಮಾಸ್ತರರು ಕರಗಿಸಲು ಹೊರಟಿದ್ದ ಹೊಟ್ಟೆ!)

ಬೆಳಗಾಗೆದ್ದರೆ ಮರಿ ಪಕ್ಕದಲ್ಲಿಲ್ಲ. ಹುಡುಕಿದರೆ, ಕೋಟೆಯ ಗೋಡೆ ಕುಸಿದ ಕಡೆ, ಹೊರಗೆ ಚಾಚಿದ ಒಂದು ಕಲ್ಲಿನ ತುದಿಯಲ್ಲಿ ನಿಂತು ನಡುಗುತ್ತಿದೆ. ಕೆಳಗೆ ನೋಡಿದರೆ ನಮಗೇ ತಲೆ ತಿರುಗುವಂಥ ಪ್ರಪಾತ.

"ರಾಜಾ, ಬಾರೋ!" ಎಂದೆ. ಕಿವಿಯನ್ನೂ ಅಲುಗಿಸಲಿಲ್ಲ. ಮಾಸ್ತರರು ಕೈ ಚಾಚಿದರು, ಹೆದರಿ ಹಿಂದೆ ಸರಿಯಿತು. ರೊಟ್ಟಿ ತೋರಿಸಿದೆ, ಇನ್ನೂ ಹಿಂದೆ ಸರಿಯಿತು. ಈಗ ಹಿಂಗಾಲು ಕಲ್ಲಿನ ಅಂಚಿಗೆ ಬಂದಿತ್ತು. ಕೊಡೆ ಹಾಳಾಗಿ ಹೋಗಲಿ, ರಾತ್ರಿಯೆಲ್ಲ ನನ್ನನ್ನು ನಂಬಿ ಮಲಗಿದ ಜೀವ ಅದು.

ಅಷ್ಟರಲ್ಲಿ ಬೀದಿನಾಯಿಯೊಂದು ಎಲ್ಲಿಂದಲೋ ಬಂದು ಹಿಂದೆ ನಮ್ಮ ರೊಟ್ಟಿಯ ಗಂಟಿಗೆ ಬಾಯಿ ಹಾಕಿತು. ಮಾಸ್ತರರು ಡ್ರಿಲ್ಲಿನ ದನಿಯಲ್ಲಿ ಗುಡುಗಿದರು: "ಹಚಾ!"

ಬೀದಿನಾಯಿ ಓಡಿತು. ನಮ್ಮ ಮರಿ? ಒಂದೇ ನೆಗೆತಕ್ಕೆ ಗೋಡೆಯ ಈಚೆಗೆ ಬಂದು, ಬಾಲ ಅಲ್ಲಾಡಿಸುತ್ತ ಮಾಸ್ತರರ ಕಾಲಿಗೆ ಸುತ್ತಿಕೊಂಡಿತು!

ಇಳಿಯುವಾಗ ನೆಟ್ಟಗೆ ನಿಂಗವ್ವನ ಮನೆಗೆ ಹೋದೆ. "ಯವ್ವಾ, ಇದಕ್ಕ ಏನಂತ ಹೆಸರಿಟ್ಟಿದ್ದಿ?"

"ಹೆಸರೆಲ್ಲಿ ಇಡೂದ್ರಿ? ಮಗ್ಗದ ಕುಣಿಯಾಗ ಹೊಕ್ಕು ನೂಲು ಜಗ್ಗತಿತ್ತು. ಮುಂಜಾನಿಂದ ಸಂಜಿತನಕ ಮನಿಮಂದೆಲ್ಲಾ ಹಚಾ ಹಚಾ ಅಂತಿದ್ವಿ. ಕೂಸು ಅದನ್ನ ತನ್ನ ಹೆಸರು ಅಂತ ತಿಳಕೊಂತು, ಏನ್ ಮಾಡೂದು? ಇರ್ಲಿ, ಈ ಕೊಡಿ ಹ್ಯಾಂಗ ತೆರೀತೈತ್ರಿ?"

ನನಗೆ ಬಸ್ಸಿನ ನೆನಪಾಯಿತು. ಲಗುಬಗೆಯಿಂದ ಹೊರಟೆ.

ಈಗ ಹಚಾ ನಮ್ಮ ಮನೆಯಲ್ಲೇ ಇದ್ದಾನೆ. ರಾಜಾ ಎಂಬ ಹೆಸರನ್ನು ಅವನು ಇಂದಿಗೂ ಒಪ್ಪಿಲ್ಲ. ಮೊನ್ನೆ ಹಿತ್ತಲಲ್ಲಿದ್ದ ಅವನನ್ನು ಉಣ್ಣಲು ಕರೆಯುತ್ತ ಪಡಸಾಲೆಯಲ್ಲಿ ನಿಂತು "ಹಚಾ! ಹಚಾ!" ಎಂದೆ. ಅದೇ ಹೊತ್ತಿಗೆ ಕೊಣ್ಣೂರಿನ ಬೀಗರು ಹೊಸ್ತಿಲ ಮೇಲೆ ಕಾಲಿಟ್ಟಿದ್ದರು. ಇಟ್ಟ ಕಾಲನ್ನು ಹಾಗೆಯೇ ತೆಗೆದರು. ಅವರನ್ನು ಒಳಗೆ ಕೂಡಿಸುವುದರೊಳಗೆ ನಾನು ಇನ್ನೊಮ್ಮೆ ಗುಡ್ಡ ಹತ್ತಿದಷ್ಟು ಬೆವೆತಿದ್ದೆ.

ಆದ್ದರಿಂದ ಓದುಗರೇ, ನಾಯಿಮರಿ ತರುವಾಗ ಬೆಲೆಯನ್ನು ಎಷ್ಟಾದರೂ ಜಗ್ಗಿರಿ, ಆದರೆ ಮನೆಯಲ್ಲಿ ಅದನ್ನು ಏನಂತ ಬೈಯುತ್ತಿದ್ದರು ಎಂದು ಮೊದಲು ಕೇಳಿಕೊಳ್ಳಿರಿ. ಕೇಳದೆ ತಂದಿದ್ದರೆ, ಬೀಗರು ಬರುವ ದಿನ ನಾಯಿಯನ್ನು ಕರೆಯಬೇಡಿರಿ. ಹೋಗಿ ಎತ್ತಿಕೊಂಡು ಬನ್ನಿರಿ.