ಹಿಡಿ ಬಿಡದವನ ಹೆಂಡತಿ

ಅಕ್ಟೋಬರ್ ತಿಂಗಳ ಮೊದಲ ಶನಿವಾರ ಗೆನೊವೆಫಾ ಚಳಿಗಾಲಕ್ಕೆ ಹುಳಿ ಹಾಕಿಡಲು ಎಲೆಕೋಸು ಹೆಚ್ಚುತ್ತಿದ್ದಳು. ಊರಿಗೆ ಅವಳು ಪಾನಿ ಗೆನ್ಯಾ, ಅಂದರೆ ಗೆನ್ಯಾ ಅಮ್ಮನವರು. ಹೀರೊನಿಮ್ ಬಂದವನೇ ಹೆಚ್ಚಿದ ರಾಶಿಯನ್ನು ಮೊಣಕೈಯಿಂದ ಆಚೆ ಸರಿಸಿ ಮೇಜಿನ ಮೇಲೆ ದೊಡ್ಡದೊಂದು ಕಾಗದ ಹರಡಿದ. ಬ್ರೊನಿಶೆವೊ ಊರಿನಲ್ಲಿ ಸ್ಪೀಡ್‌ವೇ ಎಂಬ ಮೋಟಾರ್ ಸೈಕಲ್ ಓಟದ ಅಭಿಮಾನಿಗಳ ಸಂಘಕ್ಕೆ ಅವನೇ ಅಧ್ಯಕ್ಷ. ಅರವತ್ತು ದಾಟಿದರೂ ಕೊರಳಲ್ಲಿ ಕ್ಲಬ್ಬಿನ ಹಳದಿ-ನೀಲಿ ಶಾಲು ತಪ್ಪುತ್ತಿರಲಿಲ್ಲ. ಹಳೆಯ ಓಟಗಾರರ ಬಗ್ಗೆ, ಅವರ ಬಗ್ಗೆ ಬರೆದ ಪತ್ರಕರ್ತರ ಬಗ್ಗೆ ಒಂದು ನೆನಪಿನ ಪುಸ್ತಕ ಮಾಡುತ್ತೇನೆಂದು ಎರಡು ವರ್ಷದಿಂದ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ.

ಕಾಗದದ ಮೇಲೆ ಇದ್ದದ್ದು ಹಳೆಯದರ ಬದಲು ನಿಲ್ಲಿಸಬೇಕಾದ ಹೊಸ ಗೋರಿಕಲ್ಲಿನ ನಕ್ಷೆ. ಕಪ್ಪು ಗ್ರಾನೈಟ್, ಅದರ ಮೂಲೆಯಲ್ಲಿ ಎಡಕ್ಕೆ ವಾಲಿದ ಮೋಟಾರ್ ಸೈಕಲ್. ನಡುವೆ ‘ಫ್ಲೋರ್ಯಾನ್ ವಾವ್ಜಿನ್ಯಾಕ್, ೧೯೪೩–೨೦೦೨’. ಪಕ್ಕದಲ್ಲಿ ‘ಗೆನೊವೆಫಾ, ೧೯೪೬’ ಎಂದಿತ್ತು, ಅದರ ಮುಂದೆ ಒಂದು ಗೆರೆ, ಗೆರೆಯ ಮುಂದೆ ಖಾಲಿ. ಬದುಕಿರುವಾಗಲೇ ತನ್ನ ಹೆಸರು ಕಲ್ಲಿನ ಮೇಲಿರುವುದು ಅವಳಿಗೆ ಹೊಸದಲ್ಲ. ಗಂಡ ಸತ್ತ ವರ್ಷವೇ ಕೊರೆಸಿದ್ದಳು, ಊರಿನ ಎಲ್ಲ ವಿಧವೆಯರಂತೆ. ಹೊಸದಾಗಿದ್ದದ್ದು ಕೆಳಗಿನ ಸಾಲು. ಇಬ್ಬರ ಹೆಸರಿನಡಿಗೂ ಹಾದುಹೋಗುವಂತೆ, ಚಿನ್ನದ ಬಣ್ಣದಲ್ಲಿ: ‘ಬಿದ್ದಾಗಲೂ ಹಿಡಿ ಬಿಡಲಿಲ್ಲ.’

“ಸಂಪಾದಕ ಪ್ಲುತಾ ಬರೆದ ಮಾತು,” ಅಂದ ಹೀರೊನಿಮ್. “ಸಂಘದ ಉಡುಗೊರೆ, ಪಾನಿ ಗೆನ್ಯಾ. ಗೋರಿ ನಿಮ್ಮ ಹೆಸರಲ್ಲಿದೆ ನೋಡಿ, ಒಂದು ಸಹಿ ಬೇಕು, ಅಷ್ಟೆ.”

“ಈ ಸಾಲು ನನ್ನ ಮೇಲೂ ಬರತ್ತಲ್ಲ.”

“ಬಂದ್ರೇನಾಯ್ತು?”

“ನಾನ್ಯಾವ ಹಿಡಿ ಬಿಡ್ಲಿಲ್ಲ?”

“ಪೊರಕೆ ಹಿಡಿ ಅಂದ್ಕೊಳ್ಳಿ,” ಎಂದು ಹೀರೊನಿಮ್ ತನ್ನ ಹಾಸ್ಯಕ್ಕೆ ತಾನೇ ನಕ್ಕ. ತಟ್ಟೆಯಲ್ಲಿದ್ದ ಕೇಕಿನ ಎರಡನೆಯ ತುಂಡನ್ನೂ ತೆಗೆದುಕೊಂಡ.

“ಯೋಚನೆ ಮಾಡಿ ಹೇಳ್ತೀನಿ,” ಅಂದಳು ಗೆನ್ಯಾ. ಕಾಗದ ಮಡಚಿ ಅವನ ಕೈಗೆ ಕೊಟ್ಟು ಮತ್ತೆ ಎಲೆಕೋಸಿಗೆ ಕೂತಳು. ಆದರೆ ಕೈ ಓಡಲಿಲ್ಲ. ಆ ಸಾಲಿನಡಿ ಮಲಗುವುದೆಂದರೆ, ಇನ್ನು ಯಾರಿಗೂ ಏನನ್ನೂ ಹೇಳಲಾಗದ ಕಾಲಕ್ಕೆ, ಒಂದು ಸುಳ್ಳನ್ನು ಎದೆಯ ಮೇಲೆ ಹೊತ್ತುಕೊಂಡು ಮಲಗಿದ ಹಾಗೆ. ಹೊರುವುದು ಅವಳಿಗೆ ಗೊತ್ತಿತ್ತು. ಸತ್ತ ಮೇಲೂ ಹೊರಬೇಕೇ ಎಂಬುದಷ್ಟೇ ಪ್ರಶ್ನೆ.

ಗೆನ್ಯಾ ಹೊಲಿಗೆಯವಳು. ಹದಿನಾರನೇ ವಯಸ್ಸಿಗೆ ಚರ್ಮದ ಸಾಮಾನಿನ ಕಾರ್ಖಾನೆ ಸೇರಿ ಜೀನು, ಚೀಲ, ಬೂಟಿನ ಮೇಲುಹೊದಿಕೆ ಹೊಲಿದಳು. ಓಟಗಾರ ಫ್ಲೋರ್ಯಾನನನ್ನು ಮದುವೆಯಾದ ಮೇಲೆ ಕ್ಲಬ್ಬಿನ ಏಳೂ ಓಟಗಾರರ ಚರ್ಮದ ದಿರಿಸು ಅವಳ ಮನೆಗೇ ಬಂದವು. ಹರಿದದ್ದಕ್ಕೆ ತೇಪೆ ಹಾಕುವುದು, ಸೊಂಟ ಬಿಗಿಮಾಡುವುದು, ಮೊಣಕಾಲಿಗೆ ಇನ್ನೊಂದು ಪದರ ಕೊಡುವುದು. ಅದಕ್ಕೆ ಸಂಬಳವೇನಿಲ್ಲ. ‘ನಮ್ಮ ಫ್ಲೋರೆಕ್‌ನ ಹೆಂಡತಿ’ ಎಂಬ ಹೆಸರೇ ಸಂಬಳ.

ಆಟ ನೋಡುವವರಿಗೆ ಸ್ಪೀಡ್‌ವೇ ಅಂದರೆ ಒಂದು ನಿಮಿಷದ ಮಾತು. ನಾಲ್ಕು ಜನ, ನಾಲ್ಕು ಸುತ್ತು, ಬ್ರೇಕೇ ಇಲ್ಲದ ಗಾಡಿ, ಹಾದಿಗೆ ಹಾಸಿದ್ದು ತಿರುವಿನಲ್ಲಿ ಆಳೆತ್ತರ ಚಿಮ್ಮುವ ಕರಿಬೂದಿ. ಭಾನುವಾರ ಹತ್ತು ಸಾವಿರ ಜನ ಆ ಬೂದಿಗೆ ಮುಖವೊಡ್ಡಿ ಕೂಗುತ್ತಿದ್ದರು. ಸೋಮವಾರ ಅದೇ ಬೂದಿ ಗೆನ್ಯಾಳ ಸ್ನಾನದ ತೊಟ್ಟಿಯ ತಳಕ್ಕೆ ಕೂರುತ್ತಿತ್ತು. ಉಣ್ಣೆಯ ಒಳಬಟ್ಟೆ ಮೂರು ನೀರು, ಕಾಲುಚೀಲ ನಾಲ್ಕು ನೀರು, ಆಮೇಲೆ ತೊಟ್ಟಿಯನ್ನು ತಿಕ್ಕಿ, ಕಟ್ಟಿದ ಕೊಳವೆಯನ್ನು ತಂತಿಯಿಂದ ಕೆದಕಿ, ಮಗಳು ಲಿದಿಯಾಳನ್ನು ಅದೇ ತೊಟ್ಟಿಯಲ್ಲಿ ಕೂರಿಸಿ ಮೀಯಿಸಬೇಕು. ಉಂಡವರಿಗೆ ಊಟ ನೆನಪಿರುತ್ತದೆ, ತಿಕ್ಕಿದವಳಿಗೆ ಪಾತ್ರೆ.

೧೯೭೩ರ ಆಗಸ್ಟಿನಲ್ಲಿ ಫ್ಲೋರ್ಯಾನನ ಎಡ ಮಣಿಕಟ್ಟು ಮುರಿಯಿತು. ಡಾಕ್ಟರು ಆರು ವಾರ ಎಂದರು. ಮೊದಲ ವಾರ ಅವನು ಕಿಟಕಿಯ ಬಳಿ ಕೂತು ಸಿಗರೇಟು ಸುಟ್ಟ. ಎರಡನೆಯ ವಾರ ಅವನಿಗೇ ಬೇಜಾರಾಗಿ, ಒಂದು ದಿನ ಅವಳು ಕಾರ್ಖಾನೆಯಿಂದ ಬರುವ ಹೊತ್ತಿಗೆ ಆಲೂಗಡ್ಡೆಗಳನ್ನು ತೊಡೆಗಳ ನಡುವೆ ಸಿಕ್ಕಿಸಿಕೊಂಡು ಒಂದೇ ಕೈಯಲ್ಲಿ ಸಿಪ್ಪೆ ಹೆರೆಯುತ್ತಿದ್ದ.

“ಏನಿದು, ಸಿಪ್ಪೆ ಜೊತೆ ಅರ್ಧ ಆಲೂಗಡ್ಡೆನೇ ಹೋಯ್ತಲ್ಲ?” ಅಂದಿದ್ದಳು.

“ಹಂದಿಗಳಿಗೂ ಹಬ್ಬ ಆಗ್ಲಿ ಬಿಡು,” ಅಂದಿದ್ದ.

ಮರುದಿನದಿಂದ ಅವಳ ಏಪ್ರನ್ನನ್ನೂ ಕಟ್ಟಿಕೊಂಡ. ಸೌತೆಕಾಯಿ ಉಪ್ಪಿನಕಾಯಿಯ ಜಾಡಿಗಳನ್ನು ತೊಳೆದು ಬಿಸಿಲಿಗೆ ಬೋರಲು ಹಾಕಿದ. ಲಿದಿಯಾಳಿಗೆ ಜಡೆ ಹಾಕಲು ಹೋಗಿ ಗಂಟು ಹಾಕಿದ. ಆ ಹನ್ನೊಂದು ದಿನ ಗೆನ್ಯಾ ಮನೆಗೆ ಬಂದಾಗ ಮೊದಲು ಕುರ್ಚಿಯಲ್ಲಿ ಕೂರುತ್ತಿದ್ದಳು, ಆಮೇಲೆ ಕೋಟು ಬಿಚ್ಚುತ್ತಿದ್ದಳು. ಮದುವೆಯಾದ ಮೇಲೆ ಹಾಗೆ ಕೂತದ್ದು ಅದೇ ಮೊದಲು.

ಹನ್ನೆರಡನೆಯ ದಿನ ಸೆವೆರಿನ್ ಪ್ಲುತಾ ಬಂದ. ಜಿಲ್ಲಾ ಪತ್ರಿಕೆಗೆ ಸ್ಪೀಡ್‌ವೇ ಬರೆಯುತ್ತಿದ್ದವನು. ಪತ್ರಿಕೆಯಲ್ಲಿ ನಾಲ್ಕು ಸಾಲು ಬರೆದವರೆಲ್ಲ ಆ ಊರಿಗೆ ಸಂಪಾದಕರೇ, ಹಾಗಾಗಿ ಸಂಪಾದಕ ಪ್ಲುತಾ. ಅಲ್ಲಿನ ಗಂಡಸರ ರೂಢಿಯಂತೆ ಮರ್ಯಾದೆಗೆ ಗೆನ್ಯಾಳ ಕೈಗೆ ಮುತ್ತಿಟ್ಟು, ಲೋಟದ ಕಾಫಿ ಕುಡಿದು, ಏಪ್ರನ್ ಕಟ್ಟಿದ ಫ್ಲೋರ್ಯಾನನನ್ನು ನೋಡಿ ತುಂಬ ಹೊತ್ತು ನಕ್ಕ. ಒಳ್ಳೆಯ ನಗು ಅದು, ಕೆಟ್ಟದ್ದೇನೂ ಇರಲಿಲ್ಲ. ಬುಧವಾರದ ಪತ್ರಿಕೆಯಲ್ಲಿ ಬಂತು: ‘ಕ್ಲಬ್ಬು ಸತತ ಎರಡು ಪಂದ್ಯ ಸೋತಿದೆ. ನಮ್ಮ ಹುಲಿ ಎಲ್ಲಿ ಎಂದು ಕೇಳುವವರಿಗೆ ಉತ್ತರ: ಹುಲಿ ಹೆಂಡತಿಯ ಏಪ್ರನ್ ಕಟ್ಟಿಕೊಂಡು ಜಾಡಿ ತೊಳೆಯುತ್ತಿದೆ.’

ಊರಿಗೆ ಅಷ್ಟು ಸಾಕಾಯಿತು. ಬೇಕರಿಯ ಸಾಲಿನಲ್ಲಿ ಗೆನ್ಯಾಳನ್ನು ನೋಡಿ, “ಏನಮ್ಮ, ನಮ್ಮ ಮನೆ ಜಾಡಿನೂ ಕಳಿಸ್ಲಾ?” ಎಂದು ಕೇಳಿದವರಲ್ಲಿ ಹೆಂಗಸರೇ ಹೆಚ್ಚು. ಕ್ಲಬ್ಬಿನ ಗ್ಯಾರೇಜಿನಲ್ಲಿ ಅವನ ಗಾಡಿಗೆ ಯಾರೋ ಹೂವಿನ ಚಿತ್ತಾರದ ಏಪ್ರನ್ ಕಟ್ಟಿದ್ದರು. ಆ ಸಂಜೆ ಫ್ಲೋರ್ಯಾನ್ ಮನೆಗೆ ಬಂದು ತೊಳೆಯದ ಜಾಡಿಗಳನ್ನು ಹಾಗೇ ಬಿಟ್ಟು, ಎಡಗೈಯ ಕೈಗವಸನ್ನು ಅವಳ ಹೊಲಿಗೆ ಯಂತ್ರದ ಮೇಲೆ ಎಸೆದ.

“ಅಂಗೈ ಒಳಗಡೆಯಿಂದ ಒಂದು ಪಟ್ಟಿ ಹೊಲಿ. ಹಿಡಿ ಸುತ್ತ ಬಂದು ಕೊಂಡಿ ಹಾಕೋ ಹಂಗೆ. ನಂಗೆ ಬಿಗಿ ಹಿಡಿಯೋಕಾಗಲ್ಲ, ಪಟ್ಟಿ ಹಿಡ್ಕೊಳ್ಳತ್ತೆ.”

“ಬಿದ್ರೆ?”

“ಒಂಟಿ ದಾರದಲ್ಲಿ ಹೊಲಿ. ಬಿದ್ರೆ ಕಿತ್ಕೊಂಡು ಬರತ್ತೆ.”

“ಯಾರಾದ್ರೂ ನೋಡಿದ್ರೆ?”

“ಹೊಲಿಯೇ ಮಾರಾಯ್ತಿ. ಏಪ್ರನ್ ಕಟ್ಟಿದ್ದನ್ನ ನೋಡಿದಾರಲ್ಲ, ಅದಕ್ಕಿಂತ ಇನ್ನೇನು ನೋಡ್ಬೇಕು?”

ಅವಳು ಹೊಲಿದಳು. ಒಂಟಿ ದಾರದಲ್ಲೇ ಶುರುಮಾಡಿದಳು. ಮುಗಿಸಿ, ಕೈಗೆ ಹಾಕಿಕೊಂಡು, ಯಂತ್ರದ ಚಕ್ರದ ಹಿಡಿಗೆ ಸಿಕ್ಕಿಸಿ ಎಳೆದು ನೋಡಿದಳು. ಬಿಚ್ಚಿಕೊಂಡಿತು. ತಿರುವಿನಲ್ಲಿ ಹೀಗೇ ಬಿಚ್ಚಿಕೊಂಡರೆ ಹಿಂದಿನವನ ಚಕ್ರದಡಿಗೆ ಬೀಳುತ್ತಾನೆ ಎನಿಸಿತು. ಸಡಿಲವಾಗಿ ಹೊಲಿದು ಅವಳಿಗೆ ಅಭ್ಯಾಸವೂ ಇರಲಿಲ್ಲ. ಮೇಣ ಸವರಿದ ದಾರವನ್ನು ಎರಡೆಳೆ ಮಾಡಿ ಮತ್ತೆ ಹೊಲಿದಳು. ಗಂಡನಿಗೆ ಹೇಳಲಿಲ್ಲ.

ಭಾನುವಾರ ಮೂರನೆಯ ಓಟದ ಎರಡನೆಯ ತಿರುವಿನಲ್ಲಿ ಅವನು ಬಿದ್ದ. ಬಿದ್ದವರನ್ನು ಬಿಟ್ಟು ಗಾಡಿ ಮುಂದೆ ಹೋಗಬೇಕು, ಅದು ಆ ಆಟದಲ್ಲಿ ಇರುವ ಒಂದೇ ಕರುಣೆ. ಅವನ ಗಾಡಿ ಅವನನ್ನು ಬಿಡದೆ ಮೂವತ್ತು ಮೀಟರು ಎಳೆದು ಹಲಗೆ ಬೇಲಿಗೆ ಜಜ್ಜಿತು. ಎರಡೆಳೆ ದಾರ ಒಂದು ಹೊಲಿಗೆಯೂ ಬಿಚ್ಚಿಕೊಳ್ಳದೆ ನಿಂತಿತ್ತು.

ಸ್ಟ್ರೆಚರ್ ಬರುವ ಮೊದಲೇ ಬೇಲಿಯ ಬಳಿ ಓಡಿದವನು ಪ್ಲುತಾ. ಕೊಂಡಿ ಬಿಡಿಸಿ ಕೈಗವಸನ್ನು ಕಿತ್ತವನೂ ಅವನೇ. ಮೂರನೆಯ ದಿನ ಆಸ್ಪತ್ರೆಯ ಓಣಿಯಲ್ಲಿ ಅದನ್ನು ಪತ್ರಿಕೆಯಲ್ಲಿ ಸುತ್ತಿ ಅವಳ ಕೈಗಿಟ್ಟ.

“ಒಲೆಗೆ ಹಾಕ್ಬಿಡಿ, ಪಾನಿ ಗೆನ್ಯಾ. ಕೈನ ಗಾಡಿಗೆ ಕಟ್ಕೊಂಡಿದ್ದ ಅಂತ ಗೊತ್ತಾದ್ರೆ ಅಪಘಾತದ ಪಿಂಚಣಿ ಬರಲ್ಲ. ನಾನು ಬೇರೆ ಥರ ಬರ್ದಿದೀನಿ.”

ಸುತ್ತಿದ್ದ ಪತ್ರಿಕೆಯಲ್ಲೇ ಅದು ಅಚ್ಚಾಗಿತ್ತು: ‘ಬಿದ್ದಾಗಲೂ ಹಿಡಿ ಬಿಡಲಿಲ್ಲ.’ ಅವಳು ಕೈಗವಸನ್ನೂ ಪತ್ರಿಕೆಯನ್ನೂ ಒಟ್ಟಿಗೆ ಒಲೆಗೆ ಹಾಕಿದಳು. ಚರ್ಮ ಉರಿಯಲು ತುಂಬ ಹೊತ್ತು ಹಿಡಿಯಿತು. ಪ್ಲುತಾ ತಮ್ಮನ್ನು ಉಳಿಸಿದ ಎಂಬುದು ನಿಜ. ಬುಧವಾರದ ಆ ಸಾಲನ್ನು ಬರೆದವನು ಅವನೇ ಎಂಬುದೂ ನಿಜ. ಎರಡನ್ನೂ ಒಂದೇ ಲೇಖನಿಯಲ್ಲಿ ಮಾಡಿ ಅವನು ಕೈ ತೊಳೆದುಕೊಂಡ. ಆಮೇಲಿನ ತೊಳೆಯುವಿಕೆ ಅವಳ ಪಾಲಿಗೆ ಬಂತು.

ಇಪ್ಪತ್ತೊಂಬತ್ತು ವರ್ಷ. ಸೊಂಟದ ಕೆಳಗೆ ಸ್ವಾಧೀನವಿಲ್ಲದ ಗಂಡಸನ್ನು ದಿನಕ್ಕೆ ನಾಲ್ಕು ಸಲ ಹೊರಳಿಸಬೇಕು, ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ. ಪ್ರತಿ ವರ್ಷ ಕ್ಲಬ್ಬಿನವರು ಬಂದು ಹಾಸಿಗೆಯ ಪಕ್ಕ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಆ ಬೆಳಿಗ್ಗೆ ಗೆನ್ಯಾ ಬೇಗ ಎದ್ದು ಹಾಸಿಗೆಯ ಹೊದಿಕೆ ಬದಲಿಸಿ, ಕಿಟಕಿ ತೆರೆದು ವಾಸನೆ ಓಡಿಸಿ, ಕೇಕು ಬೇಯಿಸುತ್ತಿದ್ದಳು. ಫೋಟೋದಲ್ಲಿ ಅವಳಿರುತ್ತಿರಲಿಲ್ಲ. ಕೇಕು ಇರುತ್ತಿತ್ತು. ಫ್ಲೋರ್ಯಾನನಿಗೆ ಎರಡೆಳೆ ದಾರದ ವಿಷಯ ಗೊತ್ತಿತ್ತೋ ಇಲ್ಲವೋ, ಅವನು ಕೇಳಲಿಲ್ಲ, ಅವಳು ಹೇಳಲಿಲ್ಲ. ಪ್ಲುತಾ ಮೊದಲು ಸತ್ತ, ನಾಲ್ಕು ವರ್ಷದ ಮೇಲೆ ಫ್ಲೋರ್ಯಾನ್. ಇಬ್ಬರ ಗೋರಿಗಳ ನಡುವೆ ಎರಡು ಸಾಲಿನ ಅಂತರ.

ಹೀರೊನಿಮ್ ಎರಡನೆಯ ಸಲ ಸಹಿ ಕೇಳಿಕೊಂಡು ಬಂದಾಗ ಗೆನ್ಯಾ ಅವನಿಗೆ ಎಲ್ಲವನ್ನೂ ಹೇಳಿದಳು. ಆಲೂಗಡ್ಡೆಯಿಂದ ಶುರುಮಾಡಿ ಒಲೆಯವರೆಗೆ. ನಲವತ್ತೊಂದು ವರ್ಷ ಬಾಯೊಳಗೇ ಇದ್ದದ್ದು ಹೊರಬರಲು ಅರ್ಧ ಗಂಟೆಯೂ ಬೇಕಾಗಲಿಲ್ಲ. ಕೇಳುತ್ತ ಕೇಳುತ್ತ ಹೀರೊನಿಮ್ ಶಾಲು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡ.

“ಅವನು ಬಿಡ್ಲಿಲ್ಲ ಅಂತಲ್ಲ, ಪಾನ್ ಹೀರೊನಿಮ್. ಬಿಡೋಕೆ ನಾನು ಬಿಡ್ಲಿಲ್ಲ. ಅಡುಗೆಮನೇಲಿ ಇದ್ದಿದ್ರೆ ಅವನು ನಡ್ಕೊಂಡು ಓಡಾಡ್ತಿದ್ದ. ಆ ಸಾಲು ಕಲ್ಲಿನ ಮೇಲೆ ಬೇಡ.”

“ಬೇಡ ಅಂದ್ರೆ ಬೇಡ,” ಅಂದ ಹೀರೊನಿಮ್. ಕಣ್ಣು ಒದ್ದೆಯಾಗಿತ್ತು. “ನೀವು ಹೇಳಿದ್ದು ದೊಡ್ಡ ಮಾತು.” ಪೆನ್ನು ತೆಗೆದು ನಕ್ಷೆಯ ಮೇಲಿದ್ದ ಚಿನ್ನದ ಸಾಲನ್ನು ಅವಳ ಎದುರೇ ಹೊಡೆದುಹಾಕಿದ. ಗೆನ್ಯಾ ಸಹಿ ಹಾಕಿದಳು. ಆ ದಿನ ಅವಳು ಹಸಿವಾಗಿ ಊಟಮಾಡಿದಳು.

ನವೆಂಬರ್ ಒಂದು, ಸತ್ತವರ ಹಬ್ಬ. ಸ್ಮಶಾನದ ತುಂಬ ಸೇವಂತಿಗೆ, ಗಾಜಿನ ದೀಪಗಳು. ಪ್ರತಿ ವರ್ಷದಂತೆ ಅಭಿಮಾನಿಗಳ ಸಂಘ ಓಟಗಾರರ ಗೋರಿಯಿಂದ ಗೋರಿಗೆ ದೀಪ ಹಚ್ಚುತ್ತ ಬಂತು, ಐವತ್ತು ಅರವತ್ತು ಜನ. ಹೊಸ ಕಲ್ಲು ನಿಂತಿತ್ತು. ಮೋಟಾರ್ ಸೈಕಲ್, ಎರಡು ಹೆಸರು, ಒಂದು ಖಾಲಿ ಜಾಗ, ಮತ್ತೇನಿಲ್ಲ. ಗೆನ್ಯಾ ಪಕ್ಕದಲ್ಲಿ ನಿಂತಿದ್ದಳು.

ಹೀರೊನಿಮ್ ಟೋಪಿ ತೆಗೆದು ಮಾತಿಗೆ ನಿಂತ.

“ಸಂಪಾದಕ ಪ್ಲುತಾ ಬರೆದ ಸಾಲು ನಮಗೆಲ್ಲ ಬಾಯಿಪಾಠ. ಆದ್ರೆ ಅದರ ಹಿಂದಿನ ಕಥೆ ಇವತ್ತಿನವರೆಗೂ ಯಾರಿಗೂ ಗೊತ್ತಿರ್ಲಿಲ್ಲ. ಕೈ ಮುರಿದಿದ್ರೂ ಕ್ಲಬ್ಬಿಗೋಸ್ಕರ ಓಡ್ತೀನಿ ಅಂದ ಗಂಡ. ಅವನ ಕೈಯನ್ನ ಗಾಡಿಗೇ ಹೊಲಿದು ಕಳಿಸಿದ ಹೆಂಡ್ತಿ. ಒಂಟಿ ದಾರ ಸಾಕು ಅಂದ್ರೂ ಕೇಳ್ದೆ ಎರಡೆಳೆ ಹಾಕಿದ್ಳು. ಯಾಕೆ? ನಮ್ಮ ಹುಲಿ ಹಿಡಿ ಬಿಡಬಾರದು ಅಂತ. ಅಂಥಾ ಹೆಂಗಸರಿದ್ದ ಕಾಲ ಅದು. ನನ್ನ ಪುಸ್ತಕದ ಮೊದಲನೇ ಅಧ್ಯಾಯ ಇದೇ.”

ಸ್ಮಶಾನದಲ್ಲಿ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಅವತ್ತು ತಟ್ಟಿದರು. ಜಾಡಿಯ ಮಾತು ಬರಲಿಲ್ಲ. ಏಪ್ರನ್ನಿನ ಮಾತು ಬರಲಿಲ್ಲ. ಹಿಂದೆ ನಿಂತಿದ್ದ ಮುದುಕಿಯೊಬ್ಬಳು ಕಣ್ಣೊರೆಸಿಕೊಂಡಳು. ಅವಳು ನಲವತ್ತೊಂದು ವರ್ಷದ ಹಿಂದೆ ಬೇಕರಿಯ ಸಾಲಿನಲ್ಲಿದ್ದವಳು. ಒಬ್ಬೊಬ್ಬರೇ ಗಂಡಸರು ಮುಂದೆ ಬಂದು, ಸೊಂಟ ಬಗ್ಗಿಸಿ, ಗೆನ್ಯಾಳ ಬಲಗೈಗೆ ಮುತ್ತಿಡತೊಡಗಿದರು. ಮೂರು ಜನ ಮುಗಿಯುವವರೆಗೆ ಅವಳಿಗೆ ಏನಾಗುತ್ತಿದೆ ಎಂದೇ ತಿಳಿಯಲಿಲ್ಲ. ನಾಲ್ಕನೆಯವನಿಗೆ ಕೈ ಕೊಡಲಿಲ್ಲ.

“ಪುಸ್ತಕ ಬರೀತೀರಲ್ಲ, ಪಾನ್ ಹೀರೊನಿಮ್,” ಅಂದಳು. ದನಿ ಏರಿಸಲಿಲ್ಲ, ಆದರೆ ಎಲ್ಲರಿಗೂ ಕೇಳಿಸಿತು. “ಈಗ ಒಂದು ಸಾಲು ಬರ್ಕೊಳ್ಳಿ.”

ಹೀರೊನಿಮ್ ಸಂತೋಷದಿಂದ ಜೇಬಿನ ಪುಸ್ತಕ ತೆರೆದು ಪೆನ್ನಿನ ಮುಚ್ಚಳ ಬಿಚ್ಚಿದ.

“ಈ ಕೈ ಆಮೇಲೆ ಇಪ್ಪತ್ತೊಂಬತ್ತು ವರ್ಷ ನಿಮ್ಮ ಹುಲಿಯ ಕುಂಡೆ ತೊಳೀತು. ದಿನಕ್ಕೆ ಮೂರು ಸಲ. ಬರ್ಕೊಳ್ಳಿ.”

ಯಾರೋ ಕೆಮ್ಮಿದರು. ಹೀರೊನಿಮ್ ಹಾಳೆಯ ಮೇಲೆ ಪೆನ್ನಿಟ್ಟುಕೊಂಡೇ ಅವಳನ್ನು ನೋಡಿದ, ಸುತ್ತ ನಿಂತವರನ್ನು ನೋಡಿದ. ಆಮೇಲೆ ಪೆನ್ನಿಗೆ ಮುಚ್ಚಳ ಹಾಕಿ, “ಬನ್ನಿ, ಸಂಪಾದಕರ ಹತ್ರ ಹೋಗೋಣ, ಹೊತ್ತಾಯ್ತು,” ಎಂದು ಜನರನ್ನು ಎರಡು ಸಾಲು ಆಚೆಗಿದ್ದ ಪ್ಲುತಾನ ಗೋರಿಗೆ ಕರೆದುಕೊಂಡು ಹೋದ.