ಅಳತಿ ಮಾಸ್ತರನ ಗೈರುಹಾಜರಿ

ಇವತ್ತು ಬೆಳಿಗ್ಗೆ ಗಲಗಲಿಯ ನಮ್ಮ ಓಣಿಯಲ್ಲಿ ಜೀಪೊಂದು ಕೂಗುತ್ತ ಹೋಯಿತು: ಕೃಷ್ಣೆಗೆ ನೀರು ಬಿಟ್ಟಿದ್ದಾರೆ, ದಂಡೆಯ ಮನೆಯವರು ಮೇಲೆ ಬನ್ನಿ. ಚಹಾದಂಗಡಿಯಲ್ಲಿ ಯಾರೋ, "ಸರ್ಕಾರದ್ದು ದಿನಾ ಇದ ಹಾಡು" ಅಂದರು. ಎಲ್ಲರೂ ನಕ್ಕರು. ನಾನು ಚಹಾದ ಲೋಟ ಕೆಳಗಿಟ್ಟೆ. ಆ ನಗೆಯನ್ನು ಊರಿಗೆ ಲೆಕ್ಕ ಸಮೇತ ಕಲಿಸಿದವನು ನಾನು.

ಆಗ ನನಗೆ ಹದಿನೇಳು. ದಿನಚರಿಯ ಚಟ. ಮಳೆ ಬಂದ ದಿನ, ಕರೆಂಟು ಹೋದ ಹೊತ್ತು, ಎಲ್ಲಕ್ಕೂ ಗೆರೆ ಹೊಡೆದ ಪುಟ. ನೀವು ನಗಬಹುದು, ಒಂದು ವಾರ ನನ್ನ ಸೀನುಗಳನ್ನೂ ಎಣಿಸಿದ್ದೆ. ನದಿಯ ಮೆಟ್ಟಿಲ ಬಳಿ ಅಂಕಿ ಬರೆದ ಕಂಬವಿತ್ತು. ನೀರು ಎಷ್ಟು ಏರಿತೆಂದು ದಿನಾ ನೋಡಿ ತಿಳಿಸಲು ಸರ್ಕಾರ ಒಬ್ಬನನ್ನು ಇಟ್ಟಿತ್ತು. ಊರಿಗೆ ಅವನು ಅಳತಿ ಮಾಸ್ತರ. ಎಂಟಕ್ಕೆ ಈಜಲು ಹೋಗುತ್ತಿದ್ದ ನನಗೆ ಅವನು ಒಮ್ಮೆಯೂ ಕಾಣಲಿಲ್ಲ. ಕಾಣದ ದಿನಕ್ಕೊಂದರಂತೆ ಪುಟದಲ್ಲಿ ಕಾಟು ಗುರುತು ಹಾಕಿದೆ. ಮೂವತ್ತೊಂದಾದಾಗ ಊರ ಕಟ್ಟೆಯ ಮೇಲೆ ಕೂತವರಿಗೆ ಓದಿ ಹೇಳಿದೆ.

"ಮನ್ಯಾಗ ಕೊಡಾ ಇಟ್ಕೊಂಡು ಅಳೀತಾನೇನಲೇ?" ಎಂದೊಬ್ಬರು ಕೇಳಿದರು, ಕಟ್ಟೆಯೆಲ್ಲ ನಕ್ಕಿತು. ಅಂಥ ಮೆಚ್ಚುಗೆ ನನಗೆ ಶಾಲೆಯಲ್ಲೂ ಸಿಕ್ಕಿರಲಿಲ್ಲ.

ಆ ವಾರವೇ ಮಾಸ್ತರ ಮನೆಮನೆಗೆ ಬಂದ. "ನೀರು ಏರಾಕತ್ತೈತ್ರಿ, ಸಂಜಿಯೊಳಗ ಮನಿ ಬಿಡ್ರಿ." ದಂಡೆಗೆ ಹತ್ತಿದ್ದ ಮನೆ ಅಪ್ಪನ ಅಕ್ಕ ಗಂಗವ್ವತ್ತೆಯದು. ಅವಳು ನನ್ನನ್ನು ಕೇಳಿದಳು, "ಏನಪಾ, ನಿನ್ನ ಪುಸ್ತಕ ಏನಂತೈತಿ?"

"ಅಂವ ಕಂಬದ ಕಡೆ ಹೋಗೇ ಇಲ್ಲತ್ತಿ. ಸುಮ್ನ ಹೇಳ್ತಾನ."

ಅತ್ತೆ ಉಳಿದಳು. ಮರುದಿನ ಮಧ್ಯಾಹ್ನ ಅವಳನ್ನು ಮಾಳಿಗೆಯಿಂದ ಇಳಿಸಿಕೊಂಡದ್ದು ಸರ್ಕಾರದ ದೋಣಿ. ಅವಳ ಎಮ್ಮೆ ಕಟ್ಟಿದಲ್ಲೇ ಸತ್ತಿತ್ತು. ದೋಣಿಯ ಹಗ್ಗ ಹಿಡಿದಿದ್ದವನು ಮಾಸ್ತರನೇ. "ತಮ್ಮಾ, ನಾ ನಸುಕಿನ್ಯಾಗ ಆರಕ್ಕ ಬಂದು ಹೋಗಾಂವ. ನೀ ಎಷ್ಟಕ್ಕ ಬರ್ತಿದ್ದಿ?" ಅಂದ.

ಮುಂದಿನದು ಇನ್ನೂ ಹೀನ. ಸರ್ಕಾರ ಮೊದಲೇ ಹೇಳಲಿಲ್ಲವೆಂದು ಅತ್ತೆ ಕೂಗಾಡಿದಳು. ಊರು ಮಾಸ್ತರನ ಮೇಲೆ ಅರ್ಜಿ ಬರೆಯಿತು. ಅದರ ಜೊತೆ ಲಗತ್ತಿಸಲು ನನ್ನ ಪುಟ ಕೇಳಿದರು, ಹರಿದು ಕೊಟ್ಟೆ. ಮಾಸ್ತರನನ್ನು ಬೇರೆ ಕಡೆ ಹಾಕಿದರು. ಎರಡು ಮಳೆಗಾಲ ಕಂಬ ನೋಡುವವರಿಲ್ಲದೆ ನಿಂತಿತು. ಚಿಕ್ಕಪಡಸಲಗಿಯ ರೈತರು ಕೃಷ್ಣೆಗೆ ತಾವೇ ಬ್ಯಾರೇಜು ಕಟ್ಟಲಿಲ್ಲವೇ, ಸರ್ಕಾರ ಯಾಕೆ ಬೇಕು ಎಂದು ನಾವೆಲ್ಲ ಮೀಸೆ ತಿರುವುತ್ತೇವೆ. ಅವರು ಕಟ್ಟಿದ್ದು ಖರೆ. ಆದರೆ ಮೇಲಿನ ಅಣೆಕಟ್ಟುಗಳು ಬಿಟ್ಟ ನೀರು ಎಲ್ಲಿ ಎಷ್ಟು ಏರಿತೆಂದು ತಿಳಿಯಲು ಊರೂರಿನ ಕಂಬದ ಬಳಿ ದಿನಾ ಆರಕ್ಕೆ ಒಬ್ಬ ನಿಲ್ಲಬೇಕು. ನಮ್ಮೂರಲ್ಲಿ ಆ ಎರಡು ವರ್ಷ ಯಾರೂ ನಿಲ್ಲಲಿಲ್ಲ. ನಾನೂ ನಿಲ್ಲಲಿಲ್ಲ.

ಚಹಾ ಬಿಟ್ಟು ದಂಡೆಯ ಮೇಲಿನ ಅತ್ತೆಯ ಮನೆಗೆ ಹೋದೆ. ಅವಳು ಆಗಲೇ ಸಾಮಾನು ಕಟ್ಟುತ್ತಿದ್ದಳು. "ಅತ್ತಿ, ಅವತ್ತು ಸರ್ಕಾರ ಹೇಳಿತ್ತು. ಬ್ಯಾಡ ಅಂದಾಂವ ನಾನು."

"ಗೊತ್ತೈತಿ," ಅಂದಳು. "ಮನಿ ಹುಡುಗನ್ನ ಹೆಂಗ ಬೈಲಿ? ಸರ್ಕಾರ ಆದ್ರ ತಿರುಗಿ ಮಾತಾಡೂದಿಲ್ಲ. ಆ ಟ್ರಂಕಿಗೆ ಕೈ ಹಚ್ಚು, ಒಬ್ಬಾಕಿಗೇ ಏಳವಲ್ದು."